ಗುಂಬಕ್ಕೆ ಹಾಕಿದ ಗ್ರೀಸ್

ಜುಲೈ ತಿಂಗಳ ಎರಡನೆಯ ವಾರ. ಮರಳುಗುಡ್ಡಗಳ ನಡುವಿನ ತಗ್ಗಿನಲ್ಲಿ ಹುಲ್ಲಿನ ಕಟಾವು ಶುರುವಾಗಿ ನಾಲ್ಕೈದು ದಿನವಾಗಿತ್ತು. ರಸ್ತೆಯ ಎಡಕ್ಕೆ ಒಂದು ಟ್ರ್ಯಾಕ್ಟರ್ ಹುಲ್ಲು ಕೊಯ್ಯುತ್ತ ಹೋಗುತ್ತಿತ್ತು. ಮೊನ್ನೆ ಕೊಯ್ದದ್ದು ಅದರಾಚೆ ಒಣಗಿ, ಬಿಸಿಲಿಗೆ ಬೆಳ್ಳಗಾಗಿ ಮಲಗಿತ್ತು. ಇನ್ನೂ ದೂರದಲ್ಲಿ ಮತ್ತೊಂದು ಯಂತ್ರ ಒಣಹುಲ್ಲನ್ನು ನುಂಗಿ, ಸುತ್ತಿ, ದೊಡ್ಡ ದೊಡ್ಡ ಉರುಳೆ ಮಾಡಿ ಹಿಂದಕ್ಕೆ ಉದುರಿಸುತ್ತಿತ್ತು. ಡೆಲ್ಮರ್ ಪಿಕಪ್ಪಿನ ಎರಡೂ ಕಿಟಕಿ ಇಳಿಸಿದ.

"ಮೂಸಿ ನೋಡು ಆರ್ಡಿತ್. ನಮ್ಮ ಕಡೆ ಹುಲ್ಲಿಗೆ ಈ ವಾಸನೆ ಎಲ್ಲಿ ಬರ್ತದೆ?"

ನಲವತ್ತೊಂದು ವರ್ಷ ಬೇಸಾಯ ಮಾಡಿದವನು ನನ್ನ ಗಂಡ. ಈಗ ಹೊಲವನ್ನು ಗುತ್ತಿಗೆಗೆ ಕೊಟ್ಟಿದ್ದೇವೆ. ಆದರೂ ರಸ್ತೆಯಲ್ಲಿ ಹೋಗುವಾಗ ಬೇರೆಯವರ ಹೊಲ ನೋಡಿ ಮಾರ್ಕು ಹಾಕುವುದು ಬಿಟ್ಟಿಲ್ಲ. ನಾನು ಮೂಸಿದೆ. ಹುಲ್ಲಿನ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು, ಬಾಣಲೆಯಲ್ಲಿ ಹಳೆಯ ಎಣ್ಣೆ ಹೊತ್ತಿದ ಹಾಗೆ.

"ಏನೋ ಸುಡ್ತಿದೆ."

"ಅವರ ಕೊಯ್ಯೋ ಯಂತ್ರದ ಬೇರಿಂಗ್ ಹೋಗಿರ್ಬೇಕು," ಎಂದು ಹೊಲದ ಕಡೆ ಕತ್ತು ಚಾಚಿದ. "ಪಾಪ. ಕಟಾವಿನ ನಡುವೆ ಇದಾಗಬಾರದಿತ್ತು. ಗ್ರೀಸ್ ಹಾಕಿರಲ್ಲ ನೋಡು."

ಎದುರಿನಿಂದ ದನ ಸಾಗಿಸುವ ಲಾರಿಯೊಂದು ಬಂತು. ಈ ಕಡೆ ಎದುರಾದವರೆಲ್ಲ ಸ್ಟೇರಿಂಗ್ ಮೇಲಿಂದ ಎರಡು ಬೆರಳೆತ್ತುತ್ತಾರೆ. ಡೆಲ್ಮರ್ ಕೂಡ ಎತ್ತಿದ. ಲಾರಿಯವನು ಬೆರಳೆತ್ತಲಿಲ್ಲ. ದೀಪ ಮಿನುಗಿಸಿ, ತೋಳನ್ನೇ ಹೊರಗೆ ಹಾಕಿ, ನಮ್ಮ ಹಿಂಬದಿ ತೋರಿಸಿ ಏನೋ ಕೂಗುತ್ತ ಹೋದ. ನಾನು ಪಕ್ಕದ ಕನ್ನಡಿ ನೋಡಿದೆ. ನಾವು ಎಳೆದುಕೊಂಡು ಹೋಗುತ್ತಿದ್ದ, ಪುಟ್ಟ ಮನೆಯಂಥ ಟ್ರೈಲರಿನ ಬಲಗಡೆ ಹಿಂದಿನ ಚಕ್ರದಿಂದ ಹೊಗೆ ಬರುತ್ತಿತ್ತು.

ಡೆಲ್ಮರ್ ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ. ಇಬ್ಬರೂ ಇಳಿದು ಆ ಚಕ್ರದ ಮುಂದೆ ನಿಂತೆವು. ಅವನು ಯಾವುದರ ಬಗ್ಗೆ ಯೋಚಿಸುತ್ತಿದ್ದಾನೆಂದು ನನಗೆ ಗೊತ್ತಿತ್ತು. ಚಕ್ರದ ಬಗ್ಗೆ ಅಲ್ಲ.

ಜನವರಿಯಲ್ಲಿ ಅವನಿಗೆ ಲಕ್ವ ಹೊಡೆದಿತ್ತು. ಬಾಯಿ ಮೂರು ದಿನಕ್ಕೆ ನೆಟ್ಟಗಾಯಿತು, ಕಾಲು ಮೂರು ವಾರಕ್ಕೆ. ಬಲಗೈ ಮಾತ್ರ ಹಟ ಹಿಡಿದು ಕೂತಿತು. ಮೇ ತಿಂಗಳಲ್ಲಿ ಡಾಕ್ಟರು ಗಾಡಿ ಓಡಿಸಬಹುದು ಎಂದರು. ನಮ್ಮ ಮಗಳು ಕಾರ್ಲಾ ಗ್ರ್ಯಾಂಡ್ ಐಲೆಂಡಿನಲ್ಲಿ ನರ್ಸ್. ಅವಳು ಡಾಕ್ಟರಿಗಿಂತ ಬಿಗಿ. "ಒಂದೇ ಒಂದು ಸಲ ಹೋಗಿ ಬನ್ನಿ," ಎಂದಿದ್ದಳು. "ದಾರಿಯಲ್ಲಿ ಏನಾದರೂ ಆಯ್ತು ಅಂತ ಗೊತ್ತಾದ್ರೆ ಟ್ರೈಲರ್ ಮಾರಿಬಿಡೋದು. ಇನ್ನು ಮಾತಿಲ್ಲ." ಡೆಲ್ಮರ್ ಊಟದ ಮೇಜಿನ ಮೇಲೆ ಕೈಯಿಟ್ಟು ಆಗಲಿ ಎಂದಿದ್ದ. ಹತ್ತೊಂಬತ್ತು ಬೇಸಿಗೆ ಆ ಟ್ರೈಲರ್ ಕಟ್ಟಿಕೊಂಡು ಪೈನ್ ರಿಡ್ಜ್ ಬೆಟ್ಟಕ್ಕೆ ಹೋಗಿದ್ದೇವೆ. ಒಂದು ಮಂಚ, ಒಂದು ಒಲೆ, ಮಳೆ ಬಂದರೆ ಕಾಲು ಚಾಚಲು ಒಂದು ಬೆಂಚು. ಹೊಲ ಬಿಟ್ಟ ಮೇಲೆ ಅವನ ಕೈಯಲ್ಲಿ ಉಳಿದದ್ದು ಅದೊಂದೇ. ಮನೆ ಬಿಟ್ಟು ಇನ್ನೂರು ಮೈಲಿ ಬರುವುದರೊಳಗೆ ಅದೂ ಹೋಯಿತು ಎಂದುಕೊಂಡೆ.

ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ನಾನು ಹಿಂದಿನ ಗುಡ್ಡ ಹತ್ತಿ, ವರ್ಷವರ್ಷ ಹಣ ಕಟ್ಟುವ ರಸ್ತೆ ಸಹಾಯದವರಿಗೆ ಫೋನ್ ಮಾಡಿದೆ. ಹುಡುಗಿಯೊಬ್ಬಳು ಬಹಳ ಮರ್ಯಾದೆಯಿಂದ, ಪಿಕಪ್ ಕೆಟ್ಟಿದ್ದರೆ ನಾಳೆ ಮಧ್ಯಾಹ್ನ ಗಾಡಿ ಕಳಿಸುತ್ತಿದ್ದೆವು, ಟ್ರೈಲರ್ ನಿಮ್ಮ ಕರಾರಿನಲ್ಲಿ ಸೇರಿಲ್ಲ ಎಂದಳು. ಕೆಳಗಿಳಿದು ಬರುವಷ್ಟರಲ್ಲಿ ಉರುಳೆ ಕಟ್ಟುವ ಯಂತ್ರ ಹೊಲದ ನಡುವೆ ನಿಂತಿತ್ತು. ಗಂಡಸರ ಅಂಗಿ ತೊಟ್ಟ ಎತ್ತರದ ಹೆಂಗಸೊಬ್ಬಳು ತಂತಿ ಬೇಲಿ ದಾಟುತ್ತಿದ್ದಳು. ಎಪ್ಪತ್ತೈದರ ಮೇಲಿರಬಹುದು.

"ನೀವು ಹೊಗೆ ಹಾಕ್ತಿರೋದು ನನ್ನ ಒಣಹುಲ್ಲಿನ ಪಕ್ಕದಲ್ಲಿ, ಗೊತ್ತಾಯ್ತಾ?" ಎಂದಳು.

"ತಪ್ಪಾಯ್ತಮ್ಮ," ಎಂದ ಡೆಲ್ಮರ್.

"ತಪ್ಪೊಪ್ಪು ಆಮೇಲೆ. ನೀರಿದೆಯಾ? ಚಕ್ರಕ್ಕೆ ಹಾಕ್ಬೇಡಿ, ಸುತ್ತ ಹುಲ್ಲಿಗೆ ಹಾಕಿ." ಅವಳೇ ನಮ್ಮ ನೀರಿನ ಕ್ಯಾನು ಎತ್ತಿ ಅಂಚಿನ ಹುಲ್ಲನ್ನೆಲ್ಲ ನೆನೆಸಿದಳು. ಆಮೇಲೆ ಕೈ ಒರೆಸಿಕೊಂಡು ನನ್ನ ಕಡೆ ಚಾಚಿದಳು. "ಲವಾನ್. ಅಲ್ಲಿ ಕೊಯ್ತಿರೋನು ನನ್ನ ತಮ್ಮ ಮರ್ಲ್. ಚಕ್ರ ಗಿಕ್ರ ಎಲ್ಲ ಅವನದು. ಮಾತಾಡಲ್ಲ, ಹೆದರಬೇಡಿ."

ಮರ್ಲ್ ಜಾಕ್ ತಂದ. ನಿಜವಾಗಿಯೂ ಮಾತಾಡಲಿಲ್ಲ. ಟ್ರೈಲರನ್ನು ಎತ್ತಿ, ಚಕ್ರ ಕಳಚಿ, ಅದರ ನಡುವೆ ತಿರುಗುವ ಗುಂಬ ಬಿಚ್ಚಿದ. ಒಳಗಿನ ಬೇರಿಂಗ್ ನೀಲಿಗಟ್ಟಿತ್ತು. ಗುಂಬದ ಹಿಂದೆ ಗ್ರೀಸ್ ಸೋರದಂತೆ ತಡೆಯುವ ರಬ್ಬರ್ ಬಿಲ್ಲೆ ಜಾಗ ಬಿಟ್ಟು ಹೊರಗೆ ಚಿಮ್ಮಿತ್ತು. ಬ್ರೇಕಿನ ತುಂಬ ಗ್ರೀಸ್ ಎರಚಿಕೊಂಡು, ಸುಟ್ಟು ಕರಿಮಸಿಯಾಗಿತ್ತು. ಅವನು ಬೆರಳಲ್ಲಿ ಸ್ವಲ್ಪ ಗ್ರೀಸ್ ತೆಗೆದು ಉಜ್ಜಿ ನೋಡಿದ.

"ಯಾರು ಹಾಕಿದ್ದು ಇದನ್ನ?"

"ಊರಲ್ಲಿ ಗ್ಯಾರೇಜಿನವರು," ಎಂದ ಡೆಲ್ಮರ್. "ಏಪ್ರಿಲ್‌ನಲ್ಲಿ."

ನಾನು ರಸ್ತೆಯ ಆ ಬದಿ ನೋಡಿದೆ.

ಗ್ಯಾರೇಜಿನವರು ಹಾಕಿರಲಿಲ್ಲ. ಕೈಗೆ ಶಕ್ತಿ ಬರಲೆಂದು ಆಸ್ಪತ್ರೆಯಿಂದ ಒಂದು ರಬ್ಬರ್ ಚೆಂಡು ಕೊಟ್ಟಿದ್ದರು, ದಿನಕ್ಕೆ ನೂರು ಸಲ ಹಿಸುಕು ಎಂದು. ಡೆಲ್ಮರ್ ಅದನ್ನು ನಾಯಿಗೆ ಎಸೆದ. ಕೊಟ್ಟಿಗೆಯಿಂದ ಗ್ರೀಸ್ ಗನ್ ತಂದ. ಬಂದೂಕಿನ ಹಿಡಿಯಂತೆ ಹಿಸುಕಿ ಒತ್ತುವಂಥದು. ಟ್ರೈಲರಿನ ಪಕ್ಕ ಸ್ಟೂಲು ಹಾಕಿ ಕೂತು ಬಲಗೈಯಲ್ಲಿ ಗುಂಬಗಳಿಗೆ ಗ್ರೀಸ್ ಒತ್ತಲು ಶುರುಮಾಡಿದ. ಮೊದಲ ದಿನ ಐದು ಒತ್ತಿಗೆ ಕೈ ಜಾರಿತು. ವಾರ ಕಳೆಯುವಷ್ಟರಲ್ಲಿ ಮೂವತ್ತು. ನಾನು ಪಕ್ಕದಲ್ಲಿ ನಿಂತು ಎಣಿಸುತ್ತಿದ್ದೆ. ಐವತ್ತು ಮುಟ್ಟಿದ ದಿನ ಇನ್ನೊಂದು, ಇನ್ನೊಂದು ಎಂದು ಚಪ್ಪಾಳೆ ಹೊಡೆದವಳು ನಾನೇ. ಉರುಳೆ ಕಟ್ಟುವ ಯಂತ್ರಕ್ಕೆ, ನೇಗಿಲಿಗೆ ಗ್ರೀಸ್ ಹಾಕಿ ಬೆಳೆದವರು ನಾವು. ಹೊರಗೆ ಉಕ್ಕಿ ಬರುವತನಕ ಒತ್ತಬೇಕು ಎನ್ನುವುದಷ್ಟೇ ಗೊತ್ತು. ಈ ಗುಂಬದಲ್ಲಿ ಉಕ್ಕಿ ಬರಲು ದಾರಿಯಿಲ್ಲ, ಬಿಲ್ಲೆಯನ್ನೇ ತಳ್ಳಿಕೊಂಡು ಹೊರಗೆ ಬರುತ್ತದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಬಿಲ್ಲೆ ಹೋದ ಮೇಲೆ ಇದ್ದ ಗ್ರೀಸೆಲ್ಲ ದಾರಿಯುದ್ದಕ್ಕೂ ಬ್ರೇಕಿನ ಮೇಲೆ ಚೆಲ್ಲಿ ಬೇರಿಂಗ್ ಒಣಗಿ ಉರಿದಿತ್ತು.

ಮರ್ಲ್ ಡೆಲ್ಮರನ ಮುಖ ನೋಡಿದ, ಅವನ ಬಲಗೈ ನೋಡಿದ, "ಹ್ಞೂಂ," ಎಂದ. ಆಮೇಲೆ ಆಕ್ಸಲಿನ ಚಕ್ರವಿಲ್ಲದ ತುದಿಯನ್ನು ಸರಪಳಿಯಿಂದ ಮೇಲಕ್ಕೆ ಬಿಗಿದ. ಉಳಿದ ಮೂರು ಚಕ್ರಗಳ ಮೇಲೆ, ನಡೆಯುವಷ್ಟು ನಿಧಾನಕ್ಕೆ, ಟ್ರೈಲರನ್ನು ಅವರ ಮನೆಯಂಗಳಕ್ಕೆ ತಂದೆವು.

"ಬೇರಿಂಗ್ ಸಿಗೋದು ವ್ಯಾಲೆಂಟೈನ್ ಪೇಟೇಲಿ. ಎಪ್ಪತ್ತು ಮೈಲಿ," ಎಂದಳು ಲವಾನ್. "ಈಗ ಅಂಗಡಿ ಮುಚ್ಚಿರ್ತಾರೆ. ಇಲ್ಲೇ ಇರಿ. ನಿಮ್ಮ ಮನೆ ನಿಮ್ಮ ಹತ್ರಾನೇ ಇದೆಯಲ್ಲ."

ಸಂಜೆ ಅವರ ಅಡುಗೆಮನೆಯಲ್ಲಿ ಊಟ. ಹುರಿದ ದನದ ಮಾಂಸ, ಆಲೂಗಡ್ಡೆ, ರೂಬಾರ್ಬ್ ದಂಟಿನ ಸಿಹಿ ಕಡುಬು. ರೇಡಿಯೋದಲ್ಲಿ ಹವಾಮಾನ ಹೇಳುವಾಗ ಲವಾನ್ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು. ನಾಡಿದ್ದು ಬೆಳಿಗ್ಗೆ ಮಳೆ.

"ಎಂಬತ್ತು ಎಕರೆ ಹಾಗೇ ಹರಡಿಕೊಂಡಿದೆ," ಎಂದಳು. "ಕೊಯ್ಯೋಕೆ ಇವನು, ಉರುಳೆ ಕಟ್ಟೋಕೆ ನಾನು. ನಡುವೆ ಟ್ರ್ಯಾಕ್ಟರಿಗೆ ರೇಕ್ ಕಟ್ಟಿ ಹುಲ್ಲನ್ನ ಸಾಲಾಗಿ ಒಟ್ಟುಮಾಡೋಕೆ ಪಕ್ಕದ ಮನೆ ಹ್ಯಾರ್ಲನ್ ಬರ್ತಿದ್ದ. ಅವನಿಗೆ ಮಂಡಿ ಆಪರೇಷನ್. ಇನ್ನು ಇವನನ್ನ ಕೊಯ್ಯೋದು ಬಿಡಿಸಿ ರೇಕ್ ಮೇಲೆ ಕೂರಿಸ್ಬೇಕು. ನಿಮ್ಮ ಚಕ್ರ ಮಳೆ ಬಂದಮೇಲೆ."

"ಚಕ್ರ ಯಾವಾಗಾದ್ರೂ ಆಗ್ಲಿ," ಎಂದ ಡೆಲ್ಮರ್. ಸ್ವಲ್ಪ ಹೊತ್ತು ಕಡುಬು ಕೆದಕಿದ. "ರೇಕ್ ನಾನು ಓಡಿಸ್ತೀನಿ."

ಅವನು ಎಡಗೈಯಲ್ಲಿ ಫೋರ್ಕ್ ಹಿಡಿದದ್ದನ್ನು ಲವಾನ್ ನೋಡಿಯೇ ಇದ್ದಳು. ಪಾತ್ರೆ ತೊಳೆಯುವಾಗ ನನ್ನನ್ನು ಕೇಳಿದಳು:

"ಅವರಿಗೆ ಆಗುತ್ತಾ?"

ಬೇಡ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಆರು ತಿಂಗಳಿಂದ ಬೇಡ ಎನ್ನುವುದೇ ನನ್ನ ಕೆಲಸವಾಗಿತ್ತು. "ಗೊತ್ತಿಲ್ಲ," ಎಂದೆ.

"ನನ್ನ ಟ್ರ್ಯಾಕ್ಟರಿಗೂ ಗೊತ್ತಿಲ್ಲ. ನೋಡೋಣ ಬಿಡಿ."

ಬೆಳಿಗ್ಗೆ ಇಬ್ಬನಿ ಆರಲೆಂದು ಹತ್ತು ಗಂಟೆಯವರೆಗೆ ಕಾದು ಅವರು ಹೊಲಕ್ಕೆ ಹೊರಟರು. ನಾನು ಸುಟ್ಟ ಬೇರಿಂಗನ್ನು ಕಾಫಿ ಡಬ್ಬಿಯಲ್ಲಿ ಹಾಕಿಕೊಂಡು ಒಬ್ಬಳೇ ವ್ಯಾಲೆಂಟೈನ್‌ಗೆ ಹೊರಟೆ. ಗೇಟಿನ ಹತ್ತಿರ ಪಿಕಪ್ ನಿಲ್ಲಿಸಿ ನೋಡಿದೆ. ಡೆಲ್ಮರ್ ಎಳೆದ ಮೊದಲ ಸಾಲು ಹಾವು ಹರಿದ ಹಾಗಿತ್ತು. ಎರಡನೆಯದೂ ಅಷ್ಟೇ. ಮೂರನೆಯದನ್ನು ನೋಡಲು ನಾನು ನಿಲ್ಲಲಿಲ್ಲ.

ಗುಡ್ಡದ ಮೇಲೆ ಸಿಗ್ನಲ್ ಬಂದು ಫೋನು ನಾಲ್ಕು ಸಲ ಕಿರುಗುಟ್ಟಿತು. ಎಲ್ಲವೂ ಕಾರ್ಲಾಳದು. ನಿನ್ನೆ ರಾತ್ರಿ ಯಾಕೆ ಫೋನ್ ಮಾಡಲಿಲ್ಲ, ತಲುಪಿದಿರಾ, ಅಮ್ಮಾ ಎಲ್ಲಿದ್ದೀಯ. ನಾನು ಗಾಡಿ ಬದಿಗೆ ನಿಲ್ಲಿಸಿ ಫೋನ್ ಮಾಡಿದೆ.

"ಎಲ್ಲ ಸರಿಯಾಗಿದೆ ಪುಟ್ಟಿ. ಸಿಗ್ನಲ್ ಇರಲಿಲ್ಲ ಅಷ್ಟೇ."

"ಅಪ್ಪ ಹೇಗಿದಾರೆ?"

"ಹುಲ್ಲು ನೋಡ್ತಿದಾರೆ."

ಅದೊಂದು ಮಾತು ಸುಳ್ಳಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಎಪ್ಪತ್ತು ಮೈಲಿಯೂ ಪಕ್ಕದ ಸೀಟಿನಲ್ಲಿ ಆ ಡಬ್ಬಿ ಗಡಗಡ ಅನ್ನುತ್ತಿತ್ತು. ಟ್ರೈಲರ್ ಉಳಿಯಲಿ ಎಂದು ನಾನು ಸುಳ್ಳು ಹೇಳಿದ್ದೆ, ಮಾನ ಉಳಿಯಲಿ ಎಂದು ಅವನು. ಇಬ್ಬರೂ ಎಪ್ಪತ್ತು ದಾಟಿದವರು.

ಅಂಗಡಿಯವನು ಡಬ್ಬಿಯೊಳಗೆ ನೋಡಿ ಸಿಳ್ಳೆ ಹಾಕಿದ. ಬೇರಿಂಗ್ ಇತ್ತು, ಬ್ರೇಕಿನ ತುಂಡುಗಳಿದ್ದವು. ಬಿಲ್ಲೆ ನಾಲ್ಕೂ ಚಕ್ರಕ್ಕೆ ತಗೊಂಡು ಬಾ ಎಂದು ಮರ್ಲ್ ಹೇಳಿದ್ದ. ಆಗಲೇ ನನಗೆ ತಿಳಿಯಬೇಕಿತ್ತು, ಅವನಿಗೆ ಎಲ್ಲ ಗೊತ್ತಿದೆ ಎಂದು.

ನಾನು ವಾಪಸು ಬರುವಷ್ಟರಲ್ಲಿ ಎರಡು ಗಂಟೆ. ಲವಾನ್ ಹೊಲದ ಅಂಚಿನಲ್ಲಿ ಪಿಕಪ್ಪಿನ ಹಿಂಬಾಗಿಲು ಇಳಿಸಿ ಊಟ ಹರಡಿದ್ದಳು. ಡೆಲ್ಮರ್ ಟ್ರ್ಯಾಕ್ಟರಿಂದ ಇಳಿದು ಬರುತ್ತಿದ್ದ. ಮುಖವೆಲ್ಲ ಧೂಳು, ಕಣ್ಣಿನ ಸುತ್ತ ಮಾತ್ರ ಬಿಳಿ. ಅವನ ಹಿಂದೆ ಹೊಲದಲ್ಲಿ ಸಾಲುಗಳು ಗುಡ್ಡದ ಬುಡದವರೆಗೆ ನೆಟ್ಟಗೆ ಹೋಗಿದ್ದವು.

"ಮೊದಲ ಎರಡನ್ನ ಕಟ್ಟೋಕೆ ನಾನು ಕುಡುಕಳ ಹಾಗೆ ಓಡಿಸ್ಬೇಕಾಯ್ತು," ಎಂದಳು ಲವಾನ್.

"ನಿನ್ನ ಟ್ರ್ಯಾಕ್ಟರ್ ಬಲಕ್ಕೆ ಎಳೀತದೆ," ಎಂದ ಡೆಲ್ಮರ್.

"ಹ್ಯಾರ್ಲನ್‌ಗೆ ಇಪ್ಪತ್ತು ವರ್ಷ ಎಳೀಲಿಲ್ಲ."

"ಹ್ಯಾರ್ಲನ್ ಎಡಕ್ಕೆ ಎಳೆಯೋನಿರ್ಬೇಕು."

ಮರ್ಲ್ ರೊಟ್ಟಿ ಅಗಿಯುತ್ತಲೇ ನಕ್ಕ. ಅಕ್ಕ ಅವನ ಕಡೆ ತಿರುಗಿ ನೋಡಿದಳು, ಅಪರೂಪದ್ದೇನೋ ಕಂಡ ಹಾಗೆ.

ಸಂಜೆ ಆರರ ಹೊತ್ತಿಗೆ ರೇಕ್ ಕೆಲಸ ಮುಗಿಯಿತು. ಲವಾನ್ ಉರುಳೆ ಕಟ್ಟುತ್ತ ಹಿಂದೆಯೇ ಬರುತ್ತಿದ್ದಳು. ಮರ್ಲ್ ಅಂಗಳಕ್ಕೆ ಬಂದು ಚಕ್ರದ ಕೆಲಸಕ್ಕೆ ಕೂತ. ಆಕ್ಸಲಿನ ತುದಿಗೆ ಬಿದ್ದ ಗೀರನ್ನು ಮರಳುಕಾಗದ ಹಿಡಿದು ಬಹಳ ಹೊತ್ತು ಉಜ್ಜಿದ. ಡೆಲ್ಮರ್ ಪಕ್ಕದಲ್ಲಿ ಬಕೆಟ್ ಬೋರಲು ಹಾಕಿ ಕೂತಿದ್ದ. ನಾನು ಟ್ರೈಲರಿನ ಮೆಟ್ಟಿಲ ಮೇಲೆ ಬೀನ್ಸ್ ಬಿಡಿಸುತ್ತಿದ್ದೆ.

"ಮರ್ಲ್," ಎಂದ ಡೆಲ್ಮರ್. "ಗ್ಯಾರೇಜಿನವರು ಹಾಕಿದ್ದಲ್ಲ ಅದು."

ಮರ್ಲ್ ಉಜ್ಜುತ್ತಲೇ ಇದ್ದ.

"ನಾನೇ ಹಾಕಿದ್ದು. ಈ ಕೈ ಪಳಗಲಿ ಅಂತ. ಒಂದೊಂದಕ್ಕೂ ಐವತ್ತು."

"ಐವತ್ತಾ?" ಮರ್ಲ್ ಮೊದಲ ಸಲ ತಲೆಯೆತ್ತಿದ. "ನಾನು ಮೂವತ್ತು ಅಂದ್ಕೊಂಡಿದ್ದೆ."

"ಗೊತ್ತಿತ್ತಾ ನಿನಗೆ?"

"ಗ್ಯಾರೇಜಿನವನು ಯಾವನು ಅಷ್ಟು ಗ್ರೀಸ್ ಪುಕ್ಕಟೆ ಕೊಡ್ತಾನೆ?" ಎಂದ ಮರ್ಲ್. ಆಮೇಲೆ, ಎರಡು ದಿನದ ಮಾತನ್ನೆಲ್ಲ ಕೂಡಿಟ್ಟುಕೊಂಡವನ ಹಾಗೆ ಹೇಳಿದ: "ಕುದುರೆ ಸಾಗಿಸೋ ಟ್ರೈಲರಿಗೆ ನಾನೂ ಹಿಂಗೇ ಮಾಡಿದೀನಿ. ಚಕ್ರ ಕಳಚಿ ನನ್ನನ್ನೇ ದಾಟಿ ಮುಂದೆ ಹೋಯ್ತು. ಕುದುರೆ ಒಳಗೇ ಇತ್ತು. ಲವಾನ್‌ಗೆ ಟೈರು ಸರಿಯಿರಲಿಲ್ಲ ಅಂತ ಹೇಳಿದೀನಿ. ಹನ್ನೆರಡು ವರ್ಷ ಆಯ್ತು. ನೀನು ಹೇಳ್ಬೇಡ."

ಅವನು ಗುಂಬ ಕೂಡಿಸಿ, ಚಕ್ರವನ್ನು ನೆಲದಿಂದ ಎತ್ತಿಯೇ ಇಟ್ಟು, ಗ್ರೀಸ್ ಗನ್ನನ್ನು ಡೆಲ್ಮರನ ಬಲಗೈಗೆ ಕೊಟ್ಟ. ತಾನು ಚಕ್ರ ತಿರುಗಿಸುತ್ತ ಹೋದ. "ಒತ್ತು. ಮೆಲ್ಲಗೆ. ಇನ್ನೊಂದು. ಸಾಕು. ಇಲ್ಲಿಗೆ ನಿಲ್ಲಿಸೋದನ್ನ ಕೈಗೆ ಕಲಿಸ್ಬೇಕು." ಉಳಿದ ಮೂರು ಚಕ್ರಗಳನ್ನೂ ಬಿಚ್ಚಿದರು. ಎಡಗಡೆಯ ಒಂದರಲ್ಲಿ ಬಿಲ್ಲೆ ಆಗಲೇ ಅರ್ಧ ಎದ್ದಿತ್ತು. ಬೆಟ್ಟದ ಇಳಿಜಾರಿನಲ್ಲಿ ಅದು ಹೋಗಿದ್ದರೆ ಎಂದು ನಾನು ಯೋಚಿಸಿದೆ, ಯೋಚಿಸಿ ಬೀನ್ಸ್ ಬುಟ್ಟಿ ಕೆಳಗಿಟ್ಟೆ. ಯಾರಿಗೆಂದು ಗೊತ್ತಿಲ್ಲದೆ ಮನಸ್ಸಿನಲ್ಲೇ ಕೈಮುಗಿದೆ. ಆ ಲಾರಿಯವನ ತೋಳು ನೆನಪಾಯಿತು.

ಕೈ ತೊಳೆದು ಡೆಲ್ಮರ್ ಸೀದಾ ಅಡುಗೆಮನೆಗೆ ಹೋದ. ಗೋಡೆಯ ಮೇಲಿನ ಫೋನ್ ತೆಗೆದ.

"ನಾಳೆ ಮಾಡಿದ್ರಾಯ್ತು," ಎಂದೆ.

"ನಾಳೆ ಆದ್ರೆ ನಿನ್ನ ಸುಳ್ಳು ನಾನು ಹೇಳ್ಬೇಕಾಗ್ತದೆ."

ಬೆಳಗಿನ ಸುಳ್ಳನ್ನು ಊಟದ ಹೊತ್ತಿಗೆ ಅವನಿಗೆ ಹೇಳಿದ್ದೆ. ಕಾರ್ಲಾ ಫೋನ್ ಎತ್ತಿದಳು. ಅವಳ ದನಿ ಯಾವಾಗಲೂ ದೊಡ್ಡದು. ಒಲೆಯ ಹತ್ತಿರ ನಿಂತಿದ್ದ ನನಗೂ ಕೇಳುತ್ತಿತ್ತು.

"ನಾನು ಅಪ್ಪ. ಯಾರೂ ಸತ್ತಿಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ," ಎಂದು ಡೆಲ್ಮರ್ ಶುರುಮಾಡಿದ. ಹೊಗೆ, ಚಕ್ರ, ಗ್ರೀಸ್, ಗ್ಯಾರೇಜಿನವರ ಹೆಸರಿಗೆ ಹಚ್ಚಿದ ಸುಳ್ಳು, ಒಂದನ್ನೂ ಬಿಡಲಿಲ್ಲ. ಕೊನೆಗೆ, "ಮಾತು ಮಾತೇ. ವಾಪಸು ಬಂದಮೇಲೆ ಟ್ರೈಲರ್ ಮಾರೋಕೆ ಹಾಕು," ಎಂದು ಗೋಡೆಗೆ ಒರಗಿದ.

ಕಾರ್ಲಾ ಟ್ರೈಲರಿನ ಮಾತನ್ನೇ ಎತ್ತಲಿಲ್ಲ.

"ಎಷ್ಟು ಸಲ ಒತ್ತಿದೆ ಅಂದೆ?"

"ಐವತ್ತು. ನಿಮ್ಮಮ್ಮ ಎಣಿಸಿದ್ದು."

"ಬಲಗೈಲಿ?"

"ಬಲಗೈಲೇ."

"ಜನವರೀಲಿ ನಿನಗೆ ಚಮಚ ಹಿಡಿಯೋಕೆ ಆಗ್ತಿರಲಿಲ್ಲ ಅಪ್ಪ," ಎಂದಳು ಕಾರ್ಲಾ. ಅವಳ ದನಿ ಸಣ್ಣದಾಗಿತ್ತು. ಆಮೇಲೆ ಮತ್ತೆ ನರ್ಸ್ ಆದಳು. "ಇವತ್ತು ಏನು ಮಾಡ್ದೆ?"

"ರೇಕ್ ಓಡಿಸ್ದೆ."

"ಟೋಪಿ?"

"ಹಾಕಿದ್ದೆ."

"ಮಾತ್ರೆ?"

"ಎರಡೂ ಹೊತ್ತು."

"ಸಾಲು ನೆಟ್ಟಗೆ ಬಂತಾ?"

ಡೆಲ್ಮರ್ ಫೋನನ್ನು ನನ್ನ ಕಡೆ ಚಾಚಿದ.

"ಬೆಳಿಗ್ಗೆ ನೀನು ನನಗೆ ಸುಳ್ಳು ಹೇಳಿದೆ," ಎಂದಳು ಮಗಳು.

"ಹೇಳಿದೆ."

"ಬೇರೆ ಯಾರು ಹೇಳಿದ್ರೂ ನಾನು ತಡಕೊಳ್ತೀನಿ ಅಮ್ಮಾ. ನೀನು ಬೇಡ. ಟ್ರೈಲರ್ ಮಾರೋದು ಬೇಡ. ಬೆಟ್ಟಕ್ಕೆ ಹೋಗಿ. ಆದ್ರೆ ದಿನಾ ಅಪ್ಪಾನೇ ಫೋನ್ ಮಾಡ್ಬೇಕು. ಅವರು ನಿಜ ಹೇಳ್ತಾರೆ, ಈಗ ಗೊತ್ತಾಯ್ತಲ್ಲ."

ಲವಾನ್ ಕೊನೆಯ ಉರುಳೆ ಕಟ್ಟಿ ಬಂದಾಗ ದೀಪ ಹಚ್ಚಿಯಾಗಿತ್ತು. ಪಶ್ಚಿಮದಲ್ಲಿ ಆಗಲೇ ಮಿಂಚುತ್ತಿತ್ತು.

ಬೆಳಿಗ್ಗೆ ನಾವು ಹೊರಡುವಾಗ ಆಕಾಶ ಸ್ಲೇಟಿನ ಬಣ್ಣ. ಡೆಲ್ಮರ್ ಪಾಕೀಟು ತೆಗೆದ. ಲವಾನ್ ಎರಡೂ ಕೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡಳು.

"ಒಳಗಿಡು ಅದನ್ನ."

"ನಾನು ಹಾಗೆ ಹೋಗೋನಲ್ಲ ಲವಾನ್."

"ಎಂಬತ್ತು ಎಕರೆ ಹುಲ್ಲು ನೆನೆಯೋದು ತಪ್ಪಿಸಿದೀಯ. ಕೊಡೋಕೆ ನಿಂತ್ರೆ ನಾನು ಕೊಡ್ಬೇಕು."

"ಅದು ಊಟಕ್ಕಾಯ್ತು. ಚಕ್ರಕ್ಕೆ?"

"ಚಕ್ರ ಮರ್ಲ್‌ದು. ಅವನನ್ನ ಕೇಳು."

ಮರ್ಲ್ ಬಗ್ಗಿ ಟ್ರೈಲರಿನ ಕೊಂಡಿ ನೋಡುತ್ತಿದ್ದ. "ಇಪ್ಪತ್ತು ಮೈಲಿಗೆ ನಿಲ್ಲಿಸಿ ಗುಂಬ ಮುಟ್ಟಿ ನೋಡು," ಎಂದ. "ಕೈ ಇಡೋಕೆ ಆದ್ರೆ ಮುಂದಕ್ಕೆ ಹೋಗು."

"ನಾನು ಕೇಳಿದ್ದು ಅದಲ್ಲ."

"ಬರೋ ಜುಲೈಗೆ ರೇಕ್ ಓಡಿಸೋಕೆ ಬಾ."

ಡೆಲ್ಮರ್ ಪಾಕೀಟು ಹಿಡಿದೇ ನಿಂತ. "ಬರೋ ಜುಲೈ ಮಾತು ನಾನು ಕೊಡಲಾರೆ ಮರ್ಲ್. ಇನ್ನೊಂದು ಸಲ ಲಕ್ವ ಹೊಡೆದ್ರೆ ನಾನು ಹೆಂಗಿರ್ತೀನೋ."

"ಯಾರು ಕೊಡ್ತಾರೆ?" ಎಂದಳು ಲವಾನ್. "ಇವನಿಗೆ ಎಪ್ಪತ್ತನಾಲ್ಕು. ಬಂದ್ರೆ ಬಾ. ಇಲ್ಲದಿದ್ರೆ ಬಾಕಿ ಹಾಗೇ ಇರ್ಲಿ. ಎಲ್ಲ ತೀರಿಸ್ಕೊಂಡೇ ಹೋಗ್ಬೇಕು ಅಂತ ಏನಿದೆ?" ನನ್ನನ್ನು ಒಂದು ಸಲ ಗಟ್ಟಿಯಾಗಿ ಅಪ್ಪಿಕೊಂಡಳು. ಅವಳ ಅಂಗಿಯಲ್ಲಿ ಹುಲ್ಲಿನ ಕಡ್ಡಿಗಳಿದ್ದವು, ನನ್ನ ಕತ್ತಿಗೆ ಚುಚ್ಚಿದವು.

ಇಪ್ಪತ್ತು ಮೈಲಿಗೆ ನಿಲ್ಲಿಸಿದೆವು. ಮಳೆ ಆಗಷ್ಟೇ ಹನಿಯುತ್ತಿತ್ತು. ಡೆಲ್ಮರ್ ಮಂಡಿಯೂರಿ ಬಲಗೈಯನ್ನು ಗುಂಬದ ಮೇಲಿಟ್ಟ. ಬಹಳ ಹೊತ್ತು ಇಟ್ಟ. ಹಿಡಿತ ಬಂದಿದ್ದರೂ ಆ ಕೈಗೆ ಬಿಸಿ, ತಂಪು ಅಷ್ಟಾಗಿ ತಿಳಿಯುವುದಿಲ್ಲ.

"ನೀನು ಮುಟ್ಟು ಆರ್ಡಿತ್."

ಮುಟ್ಟಿದೆ. ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತಾದ ಪಾತ್ರೆಯಷ್ಟು ಬೆಚ್ಚಗೆ. "ಹೋಗಬಹುದು," ಎಂದೆ.

ಅವನು ಏಳಲಿಲ್ಲ. ಹಿಂದಿನ ಗುಡ್ಡಗಳ ಮೇಲೆ ಮಳೆ ಪೂರ್ತಿ ಇಳಿದಿತ್ತು.

"ಏನೂ ಕೊಡದೆ ಬಂದ್ವಲ್ಲ," ಎಂದ.

"ಬಂದ್ವು."

"ಬರೋ ಜುಲೈವರೆಗೂ ಇದು ನನ್ನ ತಲೆ ತಿನ್ನುತ್ತೆ."

"ತಿನ್ಲಿ," ಎಂದು ನಾನು ಅವನ ತೋಳಿಗೆ ಕೈಕೊಟ್ಟು ಎಬ್ಬಿಸಿದೆ.